ಮೋಟಾರು ಗಾಡಿಯ ದೋಷ ಮತ್ತು ದುರಸ್ತಿ: ಪುಣೆಯಿಂದ ಕಂಡ ಒಂದು ಇತಿಹಾಸ

ಪುಣೆಯಲ್ಲಿ ಇಂದು ಶಿವಾಜಿನಗರವೆಂದು ಹೆಸರಾದ ಭಾಗಕ್ಕೆ ಹಿಂದೆ ಭಾಂಬುರ್ಡೆ ಎಂದು ಹೆಸರಿತ್ತು. ಇಲ್ಲಿ ನೆಲೆಗೊಂಡಿರುವ ಎಂಜಿನಿಯರಿಂಗ್ ವಿದ್ಯಾಲಯವು 1854ರಷ್ಟು ಹಿಂದೆ ಆರಂಭವಾದ ಸಂಸ್ಥೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಇದೇ ವಿದ್ಯಾಲಯಕ್ಕೆ ಬಂದರು. 1883ರಲ್ಲಿ ಇಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಮುಂಬಯಿ ಸರಕಾರದ ನೌಕರಿಗೆ ಸೇರಿದರು. ಪುಣೆಯ ಕನ್ನಡಿಗರು ಈ ಸಂಗತಿಯನ್ನು ಅಭಿಮಾನದಿಂದ ನೆನೆಯುತ್ತಾರೆ. ಖಡಕವಾಸಲಾ ಜಲಾಶಯಕ್ಕೆ ಅವರು ಕೂಡಿಸಿದ, ನೆರೆ ಏರಿದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳ ಕಥೆಯೂ ನಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಅವರಿಗೂ ಮೋಟಾರು ಗಾಡಿಯ ಉದ್ಯಮಕ್ಕೂ ಇದ್ದ ಸಂಬಂಧವು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

1935ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ವಿಶ್ವೇಶ್ವರಯ್ಯನವರು ಯುರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಅಲ್ಲಿಯ ಮೋಟಾರು ಕಾರಖಾನೆಗಳನ್ನು ಪರಿಶೀಲಿಸಿದರು. ಭಾರತದಲ್ಲಿ ಅಂಥ ಕಾರಖಾನೆಯೊಂದನ್ನು ನಿಲ್ಲಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಬಾಳಾಸಾಹೇಬ ಖೇರರ ಮುಂಬಯಿ ಮಂತ್ರಿಮಂಡಲವು ಸಹಾನುಭೂತಿ ತೋರಿತು; ಸೋಲಾಪುರದ ವಾಲಚಂದ ಹಿರಾಚಂದರು ಕಾರ್ಯಭಾರ ಹೊತ್ತರು. ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಕಾರಖಾನೆಯನ್ನು ಸ್ಥಾಪಿಸುವ ಪ್ರಯತ್ನವು ಬ್ರಿಟಿಷ್ ಆಡಳಿತದ ವಿರೋಧದಿಂದ ಮುರಿದುಬಿತ್ತು. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು; 1947ರಲ್ಲಿ ಕುರ್ಲಾದ ಅದರ ಕಾರಖಾನೆಯಿಂದ ಗಾಡಿಗಳು ಹೊರಬಿದ್ದವು. ಹೀಗೆ ಒಬ್ಬ ಕನ್ನಡಿಗನ ಯೋಜನೆಗೆ ಕನ್ನಡನಾಡು ತಪ್ಪಿಹೋಯಿತು. ಈ ನಷ್ಟವನ್ನು ಕುರಿತು ಬರೆಯಬೇಕಾದುದು ಇನ್ನೂ ಇದೆ. ಆದರೆ ಪ್ರಸ್ತುತ ಲೇಖನದ ವಿಷಯ ಬೇರೆ.

ಯಂತ್ರವನ್ನು ನಿರ್ಮಿಸುವ ವಿದ್ಯೆಯ ಇತಿಹಾಸವನ್ನು ನಮ್ಮವರು ಆಸಕ್ತಿಯಿಂದ ಬರೆದಿದ್ದಾರೆ. ನಿರ್ಮಿಸಿದ ಯಂತ್ರದಲ್ಲಿ ದೋಷವುಂಟೆಂದು ಒಪ್ಪಿಕೊಂಡು, ಅದನ್ನು ತನ್ನ ಖರ್ಚಿನಿಂದ ಸರಿಪಡಿಸುವ ಹೊಣೆಗೂ ಒಂದು ಇತಿಹಾಸವುಂಟು. ಅದನ್ನು ಬರೆಯಲು ಪುಣೆಗಿಂತ ತಕ್ಕ ನೆಲೆ ಭಾರತದಲ್ಲಿ ವಿರಳ. ಗಾಡಿಯನ್ನು ಮಾಡುವವರು ಪಿಂಪರಿ, ಚಿಂಚವಡ, ಚಾಕಣಗಳಲ್ಲಿದ್ದಾರೆ. ಪರೀಕ್ಷಿಸುವವರು ವೇತಾಳ ಟೇಕಡಿಯ ಮೇಲಿದ್ದಾರೆ. ಮಾರುವ ಮತ್ತು ದುರಸ್ತಿ ಮಾಡುವ ಮಳಿಗೆಗಳು ಶಿವಾಜಿನಗರದ ವಾಕಡೇವಾಡಿಯಲ್ಲಿ ಹಳೆಯ ಮುಂಬಯಿ ರಸ್ತೆಯ ಬದಿಗಿವೆ. ಈ ಮೂವರ ನಡುವೆ ಹೊಣೆಯು ಹೇಗೆ ಹಂಚಿಹೋಯಿತು, ಎಲ್ಲಿ ಸೋರಿಹೋಯಿತು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಪದದ ವಿಚಾರ. ಇಂಗ್ಲಿಷಿನಲ್ಲಿ ರಿಕಾಲ್ ಎನ್ನುವುದನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ 'ಕಾರುಗಳ ವಾಪಸಾತಿ' ಎಂದು ಬರೆಯುತ್ತವೆ. ಇದರಿಂದ ಕಂಪನಿಯು ಗಾಡಿಯನ್ನು ಹಿಂದಕ್ಕೆ ಪಡೆದು ಹಣ ಕೊಡುತ್ತದೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ ನಡೆಯುವುದಿಷ್ಟೆ: ಕಂಪನಿ ಕರೆಯುತ್ತದೆ, ಒಡೆಯನು ಗಾಡಿಯನ್ನು ಡೀಲರನ ವರ್ಕ್‌ಶಾಪಿಗೆ ಒಯ್ಯುತ್ತಾನೆ, ಅಲ್ಲಿಯ ಮೆಕ್ಯಾನಿಕನು ಒಂದು ಬಿಡಿಭಾಗವನ್ನು ಬದಲಿಸುತ್ತಾನೆ, ಗಾಡಿ ಸಂಜೆಗೆ ಮನೆಗೆ ಬರುತ್ತದೆ. ಕರೆಯುವವನು ಒಬ್ಬ, ಕೈಯಿಟ್ಟು ಮಾಡುವವನು ಮತ್ತೊಬ್ಬ. ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕು. ಪದವು ರೂಢಿಯಲ್ಲಿರುವುದರಿಂದ ನಾವೂ ಮುಂದೆ ರಿಕಾಲ್ ಎಂದೇ ಬಳಸುತ್ತೇವೆ.

ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ಭಾರತದ ಗಿರಾಕಿಗೆ ಆಯ್ಕೆ ಎಂಬುದು ಇರಲಿಲ್ಲ. ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳೊಳಗೆ ಸಂಸಾರ ಮುಗಿಯುತ್ತಿತ್ತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುವವನು ಕೊನೆಗೆ ಗಾಡಿ ಕೈಗೆ ಬಂದಾಗ ಅದರ ಬಾಗಿಲು ಸರಿಯಾಗಿ ಕೂಡುವುದೋ ಇಲ್ಲವೋ ಎಂದು ಜಗಳವಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. 1969ರಲ್ಲಿ ಸರಕಾರವು ಕಾರುಗಳ ಬೆಲೆಯನ್ನು ಕಾನೂನಿನ ಬಲದಿಂದ ಗೊತ್ತುಮಾಡಿತು. ಆ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದರಲ್ಲಿ ಒಂದು ವೈಚಿತ್ರ್ಯವಿದೆ. ಗಿರಾಕಿ ಎಷ್ಟು ಹಣ ಕೊಡಬೇಕೆಂಬುದನ್ನು ನಿರ್ಣಯಿಸಲು ರಾಜ್ಯಶಕ್ತಿ ಮುಂದಾಯಿತು. ಮಾರಿದ ಮೇಲೆ ಕಂಡ ದೋಷವನ್ನು ತಯಾರಕನಿಂದ ತಿದ್ದಿಸಲು ಮುಂದಾಗಲಿಲ್ಲ. 1939ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ಗಾಡಿಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಒಡೆಯನದು, ಓಡಿಸುವವನದು. ಬ್ರೇಕು ಹಿಡಿಯದಿದ್ದರೆ ಅದು ಒಡೆಯನ ಅಲಕ್ಷ್ಯ. ಕಾರಖಾನೆಯಲ್ಲಿ ಕೂಡಿಸಿದ ಕ್ರಮವೇ ತಪ್ಪಾಗಿದ್ದಿತೇ ಎಂದು ಕೇಳುವ ಅಧಿಕಾರಿ ಇರಲಿಲ್ಲ.

ಆ ಕಾಲದಲ್ಲಿ ಕಾರಖಾನೆಯ ದೋಷವನ್ನು ತಿದ್ದಿದವನು ಗಲ್ಲಿಯ ಮಿಸ್ತ್ರಿ. ಯಾವ ಮಾದರಿಯಲ್ಲಿ ಯಾವ ಭಾಗ ಬೇಗ ಸವೆಯುತ್ತದೆ, ಎಲ್ಲಿ ಒಂದು ವಾಶರ್ ಹೆಚ್ಚು ಹಾಕಬೇಕು ಎಂಬುದನ್ನೆಲ್ಲ ಅವನು ಅನುಭವದಿಂದ ತಿಳಿದಿದ್ದನು. ಒಂದರ್ಥದಲ್ಲಿ ಅವನು ಪ್ರತಿದಿನವೂ ರಿಕಾಲ್ ನಡೆಸುತ್ತಿದ್ದನು; ಖರ್ಚು ಮಾತ್ರ ಗಿರಾಕಿಯದು. ಈ ಮಿಸ್ತ್ರಿಯ ಜಾಣತನವನ್ನು ಇಂದು ಕೆಲವರು ಬಹಳ ಕೊಂಡಾಡುತ್ತಾರೆ. ಕೊಂಡಾಡಲಿ. ಆದರೆ ಅವನ ತಿಳಿವಳಿಕೆ ಅವನ ಗ್ಯಾರೇಜಿನ ಆಚೆಗೆ ಹೋಗುತ್ತಿರಲಿಲ್ಲ. ಹತ್ತು ಊರುಗಳ ಹತ್ತು ಮಿಸ್ತ್ರಿಗಳು ಒಂದೇ ದೋಷವನ್ನು ಕಂಡರೂ ಅದು ಒಂದೇ ದೋಷವೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಿಕಾಲಿನ ಜೀವಾಳವಿರುವುದು ಹೀಗೆ ಬಿಡಿಬಿಡಿಯಾದ ದೂರುಗಳನ್ನು ಒಂದೆಡೆ ಕೂಡಿಸುವುದರಲ್ಲಿ.

ಇದನ್ನು ಮೊದಲು ಕಾನೂನಿನ ಮಾತಾಗಿಸಿದ್ದು ಅಮೆರಿಕ. 1965ರಲ್ಲಿ ರಾಲ್ಫ್ ನೇಡರನ ಗ್ರಂಥವು ಕಾರಿನ ಅಪಾಯಕ್ಕೆ ಚಾಲಕನೊಬ್ಬನನ್ನೇ ದೂರುವ ರೂಢಿಯನ್ನು ಪ್ರಶ್ನಿಸಿತು. ಮರುವರ್ಷವೇ ವಾಹನ ಸುರಕ್ಷತೆಯ ಕಾಯಿದೆ ಬಂತು. ಆದರೆ 1966ರ ಆ ಕಾಯಿದೆ ತಯಾರಕನು ದೋಷವನ್ನು ಒಡೆಯನಿಗೆ ತಿಳಿಸಬೇಕೆಂದು ವಿಧಿಸಿತೇ ವಿನಾ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕೆಂದು ವಿಧಿಸಿರಲಿಲ್ಲ. ಆ ಮಾತು ಸೇರಿದ್ದು 1974ರ ತಿದ್ದುಪಡಿಯಲ್ಲಿ. ತಿಳಿಸುವುದಕ್ಕೂ ತಿದ್ದುವುದಕ್ಕೂ ನಡುವೆ ಎಂಟು ವರ್ಷಗಳ ಅಂತರ ಬಿದ್ದುದನ್ನು ಗಮನಿಸಬೇಕು. ಕಾಕತಾಳೀಯವಾಗಿ ಅದೇ 1966ರಲ್ಲಿ ಪುಣೆಯಲ್ಲಿ ಆಟೋಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ, ಅಂದರೆ ಇಂದು ಎ.ಆರ್.ಎ.ಐ. ಎಂದೇ ಪುಣೆಯವರಿಗೆ ಪರಿಚಿತವಾದ ಸಂಸ್ಥೆ, ಸ್ಥಾಪಿತವಾಯಿತು. ಅದಕ್ಕೆ ಉದ್ಯಮಿಗಳೂ ಸರಕಾರವೂ ಕೂಡಿ ಆಧಾರವಾಗಿದ್ದರು. ಹೊಸ ಮಾದರಿಯನ್ನು ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷಿಸಿ ಒಪ್ಪಿಗೆ ನೀಡುವುದು ಕಾಲಾಂತರದಲ್ಲಿ ಅದರ ಮುಖ್ಯ ಕೆಲಸವಾಯಿತು. ಮಾರಿದ ಮೇಲಿನ ಗಾಡಿಯ ಗತಿಯನ್ನು ವಿಚಾರಿಸುವ ಅಧಿಕಾರ ಬಹುಕಾಲ ಅದಕ್ಕಿರಲಿಲ್ಲ.

ಜಪಾನಿನ ಒಂದು ಪ್ರಕರಣವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ಡೀಲರನ ವರ್ಕ್‌ಶಾಪಿನ ಪಾತ್ರ ಮುಖ್ಯವಾದುದು. ಎರಡು ದಶಕಗಳಿಗೂ ಮಿಕ್ಕ ಕಾಲ ಗಿರಾಕಿಗಳ ದೂರುಗಳನ್ನು ಸರಕಾರದಿಂದ ಬಚ್ಚಿಟ್ಟಿದ್ದೆವೆಂದು ಮಿತ್ಸುಬಿಶಿ ಮೋಟಾರ್ಸ್ 2000ದಲ್ಲಿ ಒಪ್ಪಿಕೊಂಡಿತು. ರಿಕಾಲನ್ನು ಪ್ರಕಟಿಸದೆ, ಗಾಡಿ ಬೇರೆ ಕೆಲಸಕ್ಕೆ ವರ್ಕ್‌ಶಾಪಿಗೆ ಬಂದಾಗ ದೋಷವನ್ನು ಸದ್ದಿಲ್ಲದೆ ತಿದ್ದಿ ಕಳಿಸುವುದು ಅಲ್ಲಿ ರೂಢಿಯಾಗಿತ್ತು. ದುರಸ್ತಿ ನಡೆಯಿತಲ್ಲ, ಇನ್ನೇನು ಎಂದು ಕೇಳಬಹುದು. ವರ್ಕ್‌ಶಾಪಿಗೆ ಬಾರದೇ ಹೋದ ಗಾಡಿಗಳ ಗತಿಯೇನು? 2002ರಲ್ಲಿ ಯೋಕೋಹಾಮಾದಲ್ಲಿ ಅದೇ ಸಂಸ್ಥೆಯ ಲಾರಿಯೊಂದರ ಚಕ್ರ ಕಳಚಿ ಬಂದು ಬಡಿದು ದಾರಿಯಲ್ಲಿದ್ದ ತಾಯಿಯೊಬ್ಬಳು ಸತ್ತಳು.

ಭಾರತದಲ್ಲಿ ಗಿರಾಕಿಗೆ ಮೊದಲು ಆಸರೆಯಾದುದು ವಾಹನದ ಕಾನೂನಲ್ಲ, 1986ರ ಗ್ರಾಹಕ ಸಂರಕ್ಷಣ ಕಾಯಿದೆ. ಆ ಕಾಯಿದೆಯ ಇತಿಹಾಸದಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯ ಕೂಸಾದ ಪ್ರೀಮಿಯರ್ ಆಟೋಮೊಬೈಲ್ಸಿನ ಹೆಸರು ಬರುವುದು ಸ್ವಲ್ಪ ಖೇದಕರ. ಹೊಸದೆಂದು ಕೊಂಡ ಡೀಸೆಲ್ ಕಾರು ದೋಷಪೂರಿತವಾಗಿದ್ದ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಕಟುವಾಗಿ ಮಾತನಾಡಿತು. ದೋಷವನ್ನು ಒಪ್ಪುವ ಬದಲು ಹೊಣೆಯನ್ನು ನಿರಾಕರಿಸಿದುದನ್ನು ಆಕ್ಷೇಪಿಸಿ, ತಯಾರಕನೊಡನೆ ಡೀಲರನೂ ಹೊಣೆಗಾರನೆಂದು ಹೇಳಿತು. ಎರಡು ವರ್ಷಗಳ ತರುವಾಯ, ಮಾರುತಿ ಉದ್ಯೋಗಕ್ಕೆ ಸಂಬಂಧಪಟ್ಟ ಇನ್ನೊಂದು ಪ್ರಕರಣದಲ್ಲಿ, ವಾರಂಟಿಯ ಕರಾರಿನಂತೆ ಕಂಪನಿಯು ಕೆಟ್ಟ ಭಾಗವನ್ನು ಬದಲಿಸಲು ಬದ್ಧವೇ ಹೊರತು ಇಡೀ ಕಾರನ್ನು ಬದಲಿಸಲು ಬದ್ಧವಲ್ಲವೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಎರಡೂ ತೀರ್ಪುಗಳು ತಮ್ಮ ತಮ್ಮ ಸಂದರ್ಭದಲ್ಲಿ ಸಮಂಜಸವೇ. ಆದರೆ ಮೊಕದ್ದಮೆಯು ಒಬ್ಬ ಗಿರಾಕಿಯ ಒಂದು ಗಾಡಿಯ ವ್ಯವಹಾರ. ಅದೇ ದೋಷವಿರುವ ಉಳಿದ ಗಾಡಿಗಳಿಗೆ ಅದರಿಂದ ಏನೂ ಆಗುವುದಿಲ್ಲ.

2010ನೆಯ ವರ್ಷವು ಈ ಇತಿಹಾಸದಲ್ಲಿ ಒಂದು ತಿರುವು. ಆ ವರ್ಷದ ಫೆಬ್ರವರಿಯಲ್ಲಿ ಮಾರುತಿ ಸುಝುಕಿಯು ಎ-ಸ್ಟಾರ್ ಎಂಬ ಮಾದರಿಯ ಸುಮಾರು ಒಂದು ಲಕ್ಷ ಕಾರುಗಳನ್ನು ಇಂಧನ ಪಂಪಿನ ದೋಷಕ್ಕಾಗಿ ಕರೆಯಿತು. ಅದೇ ವರ್ಷ, ಪುಣೆಯ ಎಂಜಿನಿಯರರು ರೂಪಿಸಿದ ಟಾಟಾ ನ್ಯಾನೋ ಕಾರುಗಳಲ್ಲಿ ಕೆಲವು ಹೊತ್ತಿ ಉರಿದವು. ನವೆಂಬರಿನಲ್ಲಿ ಟಾಟಾ ಮೋಟಾರ್ಸ್ ಒಡೆಯರೆಲ್ಲರಿಗೂ ವಿದ್ಯುತ್ ಮತ್ತು ಹೊಗೆಕೊಳವೆಯ ಭಾಗಗಳಿಗೆ ಹೆಚ್ಚಿನ ರಕ್ಷಣೆಯನ್ನು ಪುಕ್ಕಟೆಯಾಗಿ ಕೂಡಿಸಿಕೊಡುವುದಾಗಿ ಪ್ರಕಟಿಸಿತು. ಇದು ರಿಕಾಲ್ ಅಲ್ಲವೆಂದೂ ಹೇಳಿತು. ಮಾಡುವ ಕೆಲಸ ಅದೇ, ಹೆಸರು ಮಾತ್ರ ಬೇಡ. ಈ ಹಿಂಜರಿಕೆಗೆ ಕಾರಣ ಸುಲಭವಾಗಿ ತಿಳಿಯುವಂಥದು: ದೋಷವೆಂಬ ಮಾತನ್ನು ಆಡಿದರೆ ಮಾರಾಟ ಕುಸಿದೀತು. ಆದರೆ ಹೆಸರಿನಲ್ಲಿ ಹುರುಳಿದೆ. 'ರಕ್ಷಣೆ ಹೆಚ್ಚಿಸಿಕೊಳ್ಳಿ' ಎಂದರೆ ಗಿರಾಕಿ ಬಿಡುವಾದಾಗ ಹೋಗೋಣವೆನ್ನುತ್ತಾನೆ. 'ದೋಷವಿದೆ, ಬನ್ನಿ' ಎಂದರೆ ನಾಳೆಯೇ ಹೋಗುತ್ತಾನೆ.

2012ರ ಜುಲೈಯಲ್ಲಿ ತಯಾರಕರ ಸಂಘವು ಸ್ವಯಂಪ್ರೇರಿತ ರಿಕಾಲಿನ ಒಂದು ನಿಯಮಾವಳಿಯನ್ನು ಒಪ್ಪಿಕೊಂಡಿತು. ಸ್ವಯಂಪ್ರೇರಣೆಯ ಮಿತಿ ಎಷ್ಟೆಂಬುದು ಮರುವರ್ಷವೇ ಗೊತ್ತಾಯಿತು. 2013ರಲ್ಲಿ ಜನರಲ್ ಮೋಟಾರ್ಸ್ 1,14,000 ಟವೇರಾ ಗಾಡಿಗಳನ್ನು ಹೊಗೆಯ ನಿಯಮಗಳಿಗೆ ಸಂಬಂಧಿಸಿದ ದೋಷಕ್ಕಾಗಿ ಕರೆದಾಗ, ಗಾಡಿಗಳು 2005ರಷ್ಟು ಹಿಂದಿನವಾಗಿದ್ದವು. ಸರಕಾರ ನೇಮಿಸಿದ ಸಮಿತಿಯು ಇದನ್ನು ಕಂಪನಿಯ ವಂಚನೆಯೆಂದೇ ಕರೆಯಿತು.

ಮುಂದಿನ ಪ್ರಕರಣ ಪೂರ್ಣವಾಗಿ ಪುಣೆಯದು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಎಂಜಿನುಗಳ ಕಪಟವು ಅಮೆರಿಕದಲ್ಲಿ ಬಯಲಾಯಿತು. ಈ ಕಂಪನಿಯ ಭಾರತೀಯ ಕಾರಖಾನೆ ಚಾಕಣದಲ್ಲಿದೆ. ಪರೀಕ್ಷೆಯ ಕೆಲಸ ವೇತಾಳ ಟೇಕಡಿಯ ಸಂಸ್ಥೆಗೆ ಬಂತು. ಪ್ರಯೋಗಶಾಲೆಯಲ್ಲಿ ನಿಯಮದೊಳಗಿರುವ ಎಂಜಿನು ರಸ್ತೆಯ ಮೇಲೆ ಅದಕ್ಕಿಂತ ಹೆಚ್ಚು ಹೊಗೆಯುಗುಳುತ್ತದೆಂದು, ಅಂದರೆ 1.1ರಿಂದ 2.6 ಪಟ್ಟಿನವರೆಗೆ ಎಂದು, ಎ.ಆರ್.ಎ.ಐ. ಕಂಡಿತು. ಡಿಸೆಂಬರಿನಲ್ಲಿ ಕಂಪನಿಯು ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಹೆಸರಿನ ಒಟ್ಟು 3,23,700 ಗಾಡಿಗಳನ್ನು ಕರೆಯಬೇಕಾಯಿತು. ಇದು ಅಪಘಾತದ ಅಪಾಯಕ್ಕೆ ಸಂಬಂಧಿಸಿದ ರಿಕಾಲ್ ಅಲ್ಲ, ಗಾಳಿಯ ಮಾಲಿನ್ಯಕ್ಕೆ ಸಂಬಂಧಿಸಿದುದು ಎಂಬುದು ನಿಜ. ಆದರೂ ಇತಿಹಾಸಕಾರನಿಗೆ ಇದು ಮುಖ್ಯ. ಇಲ್ಲಿ ಮೊದಲ ಬಾರಿಗೆ ಮಾರಿಹೋದ ಗಾಡಿಯನ್ನು ಪುಣೆಯ ಪರೀಕ್ಷಕರು ರಸ್ತೆಗೆ ಒಯ್ದು ಪರೀಕ್ಷಿಸಿದುದರ ಫಲ ದೇಶವ್ಯಾಪಿಯಾಗಿ ಕಂಡಿತು. ದುರಸ್ತಿಯ ಕ್ರಮವೂ ಅವರ ಒಪ್ಪಿಗೆ ಪಡೆದೇ ಜಾರಿಗೆ ಬರಬೇಕಾಯಿತು. ಆ ದುರಸ್ತಿಯಾದರೋ ಎಂಜಿನನ್ನು ಆಳುವ ಕಂಪ್ಯೂಟರಿನ ಸಾಫ್ಟ್‌ವೇರನ್ನು ಬದಲಿಸುವುದು. ಹಳೆಯ ಭಾಗ ಯಾವುದು, ಹೊಸದು ಯಾವುದು ಎಂದು ಒಡೆಯನಿಗೆ ತೋರಿಸಲು ವರ್ಕ್‌ಶಾಪಿನವರ ಕೈಯಲ್ಲಿ ಏನೂ ಇರುವುದಿಲ್ಲ.

ಕೊನೆಗೆ 2019ರ ತಿದ್ದುಪಡಿಯು ಮೋಟಾರು ವಾಹನ ಕಾಯಿದೆಗೆ 110ಎ ಎಂಬ ಕಲಮನ್ನು ಕೂಡಿಸಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಒಡೆಯರಲ್ಲಿ ಗೊತ್ತುಮಾಡಿದ ಪ್ರಮಾಣದಷ್ಟು ಜನ ದೂರಿದರೆ, ಅಥವಾ ಪರೀಕ್ಷಾ ಸಂಸ್ಥೆ ವರದಿ ಮಾಡಿದರೆ, ಕೇಂದ್ರ ಸರಕಾರವು ರಿಕಾಲಿಗೆ ಆಜ್ಞೆ ಮಾಡಬಹುದು. ತಯಾರಕನು ಹಣವನ್ನು ಹಿಂದಿರುಗಿಸಬೇಕು, ಇಲ್ಲವೇ ಗಾಡಿಯನ್ನು ಬದಲಿಸಬೇಕು ಅಥವಾ ದುರಸ್ತಿ ಮಾಡಬೇಕು, ಮೇಲೆ ದಂಡವುಂಟು. ದೋಷವನ್ನು ತಾನಾಗಿ ತಿಳಿಸಿ ರಿಕಾಲ್ ಆರಂಭಿಸಿದವನಿಗೆ ದಂಡವಿಲ್ಲ. ಈ ಕೊನೆಯ ಮಾತು ಜಾಣತನದ್ದೆಂದು ನಮ್ಮ ಅಭಿಪ್ರಾಯ. ಬಚ್ಚಿಡುವುದಕ್ಕಿಂತ ಹೇಳುವುದು ಲಾಭಕರವಾಗುವಂತೆ ಅದು ಮಾಡಿತು. ಏಳು ವರ್ಷ ಮೀರಿದ ಗಾಡಿಗಳು ಮಾತ್ರ ಕಡ್ಡಾಯ ರಿಕಾಲಿನ ಹೊರಗುಳಿದವು. ಹತ್ತು-ಹದಿನೈದು ವರ್ಷ ಕಾರನ್ನು ಇಟ್ಟುಕೊಳ್ಳುವ ಮಧ್ಯಮವರ್ಗದ ನಮಗೆ ಈ ಏಳರ ಲೆಕ್ಕ ಅಷ್ಟು ಹಿಡಿಸುವುದಿಲ್ಲ.

ಹೀಗೆ 1939ರಲ್ಲಿ ಒಡೆಯನ ಮೇಲಿದ್ದ ಭಾರವು 2021ರ ಹೊತ್ತಿಗೆ ತಯಾರಕನ ಹೆಗಲಿಗೆ ಬಂತು. ಆದರೆ ವಾಕಡೇವಾಡಿಯ ವರ್ಕ್‌ಶಾಪು? ಅದು ತಯಾರಕನ ಹೆಸರನ್ನು ಹಣೆಯ ಮೇಲೆ ಹೊತ್ತಿದ್ದರೂ ತಯಾರಕನದಲ್ಲ. 2021ರ ಫೆಬ್ರವರಿಯಲ್ಲಿ ಟಾಟಾ ಮೋಟಾರ್ಸಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹೇಳಿತು: ಇಬ್ಬರ ಸಂಬಂಧವು ಸ್ವತಂತ್ರ ವ್ಯಾಪಾರಿಗಳ ಸಂಬಂಧವಾಗಿದ್ದಲ್ಲಿ, ಡೀಲರನ ತಪ್ಪು ತಯಾರಕನಿಗೆ ತಿಳಿದಿತ್ತೆಂದು ತೋರಿಸದೆ ತಯಾರಕನನ್ನು ಅದಕ್ಕೆ ಹೊಣೆಮಾಡಲಾಗದು. ಮಾರಾಟದ ಮಟ್ಟಿಗೆ ಇದು ಸರಿಯೇ ಇರಬಹುದು. ರಿಕಾಲಿನ ದುರಸ್ತಿಯಲ್ಲಿ ಮಾತ್ರ ತಯಾರಕನು ತನ್ನ ಶಾಸನಬದ್ಧ ಕರ್ತವ್ಯವನ್ನು ಡೀಲರನ ಕೈಯಿಂದಲೇ ನೆರವೇರಿಸುತ್ತಾನೆ. ಆ ಕೈ ನಡುಗಿದರೆ ಯಾರನ್ನು ಕೇಳಬೇಕು? 2019ರ ಹೊಸ ಗ್ರಾಹಕ ಸಂರಕ್ಷಣ ಕಾಯಿದೆಯು ದುರಸ್ತಿ ಮಾಡುವವನನ್ನೂ ಸೇವಾದಾರನೆಂದು ಗಣಿಸಿ, ಅಪೂರ್ಣವಾದ ಅಥವಾ ದೋಷಯುಕ್ತವಾದ ಸೇವೆಯಿಂದಾದ ಹಾನಿಗೆ ಹೊಣೆ ಮಾಡಿದೆ. ಇದು ಒಳ್ಳೆಯದೇ, ಆದರೆ ಹಾನಿಯಾದ ಮೇಲಿನ ಪರಿಹಾರ.

ವರ್ಕ್‌ಶಾಪಿನ ಅರ್ಥವ್ಯವಸ್ಥೆಯನ್ನೂ ತಿಳಿಯಬೇಕು. ರಿಕಾಲಿನ ಕೆಲಸಕ್ಕೆ ಹಣ ಕೊಡುವವನು ಎದುರಿಗೆ ನಿಂತ ಗಿರಾಕಿಯಲ್ಲ. ಇಂಥ ಭಾಗವನ್ನು ಬದಲಿಸಲು ಇಷ್ಟು ಹೊತ್ತು ಎಂದು ತಯಾರಕನು ಮೊದಲೇ ಗೊತ್ತುಮಾಡಿ ಅಷ್ಟರ ಕೂಲಿಯನ್ನು ಕೊಡುತ್ತಾನೆ. ತುಕ್ಕು ಹಿಡಿದ ಬೋಲ್ಟು ಬಿಡದೆ ಒಂದು ಗಂಟೆ ಹೆಚ್ಚು ಹಿಡಿದರೆ ಆ ಗಂಟೆ ವರ್ಕ್‌ಶಾಪಿನ ನಷ್ಟ. ಅವಸರಕ್ಕೆ ಇದಕ್ಕಿಂತ ದೊಡ್ಡ ಪ್ರಚೋದನೆ ಬೇಕಿಲ್ಲ. ಮೆಕ್ಯಾನಿಕನನ್ನು ದೂರುವವರು ಈ ಲೆಕ್ಕವನ್ನು ನೋಡುವುದಿಲ್ಲ.

ದುರಸ್ತಿಯೇ ಹೊಸ ದೋಷವಾದ ಉದಾಹರಣೆಗಳಿವೆ. ಜಪಾನಿನ ತಕಾತ ಸಂಸ್ಥೆಯ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಸೆಕೆ ಮತ್ತು ತೇವಕ್ಕೆ ಕೆಟ್ಟು, ಸಿಡಿಯುವಾಗ ಲೋಹದ ಚೂರುಗಳನ್ನು ಸವಾರನ ಮೇಲೆ ಎಸೆಯುತ್ತಿತ್ತು. ಇದು ಜಗತ್ತಿನ ಅತಿ ದೊಡ್ಡ ರಿಕಾಲಿಗೆ ಕಾರಣವಾಯಿತು. ಭಾರತದಲ್ಲಿ ಹೋಂಡಾದ ಕಾರುಗಳೂ ಅದರಲ್ಲಿ ಸೇರಿದ್ದವು. ಅಮೆರಿಕದಲ್ಲಿ ಮೊದಮೊದಲು ಬದಲಿಯಾಗಿ ಹಾಕಿದ ಕೆಲವು ಭಾಗಗಳು ಅದೇ ಜಾತಿಯವಾಗಿದ್ದುದರಿಂದ ಅವನ್ನು ಮತ್ತೆ ಬದಲಿಸಬೇಕಾಯಿತು. 2023ರಲ್ಲಿ ಫೋರ್ಡ್ ಕಂಪನಿಯು, ಹಿಂದಿನ ರಿಕಾಲಿನಲ್ಲಿ ಹೊಸ ಭಾಗ ಹಾಕಿಸಿಕೊಂಡಿದ್ದ ರೇಂಜರ್ ಗಾಡಿಗಳನ್ನೇ, ಆ ಭಾಗವನ್ನು ಸರಿಯಾಗಿ ಕೂಡಿಸಿಲ್ಲದಿರಬಹುದೆಂದು ಮತ್ತೊಮ್ಮೆ ಕರೆಯಿತು. ಒಡೆಯನ ದೃಷ್ಟಿಯಲ್ಲಿ ಗಾಡಿ ನಿರ್ದೋಷವಾಗಿತ್ತು. ಅವನ ಕೈಯಲ್ಲಿ ಜಾಬ್ ಕಾರ್ಡಿತ್ತು.

ಭಾರತದಲ್ಲಿ 2023ರ ಜನವರಿಯಲ್ಲಿ ಮಾರುತಿ ಸುಝುಕಿ 17,362 ಕಾರುಗಳನ್ನು ಏರ್‌ಬ್ಯಾಗಿನ ನಿಯಂತ್ರಕಕ್ಕಾಗಿ ಕರೆದು, ಅದನ್ನು ಬದಲಿಸುವ ತನಕ ಗಾಡಿ ಓಡಿಸಬೇಡಿರೆಂದು ಸೂಚಿಸಿತು. ಅವು ಹಿಂದಿನ ಸುಮಾರು ಐದು ವಾರಗಳಲ್ಲಿ ತಯಾರಾದ ಗಾಡಿಗಳು. ಬೇಗ ಕಂಡುಹಿಡಿದು ನೇರವಾಗಿ ಹೇಳಿದುದಕ್ಕೆ ಒಳ್ಳೆಯ ನಿದರ್ಶನ. ಇದಕ್ಕೆ ಹತ್ತು ತಿಂಗಳ ಹಿಂದೆ, 2022ರ ಮಾರ್ಚ್ 26ರಂದು, ಪುಣೆಯ ಲೋಹಗಾಂವಿನಲ್ಲಿ ನಿಂತಿದ್ದ ಓಲಾ ವಿದ್ಯುತ್ ಸ್ಕೂಟರೊಂದು ಹೊತ್ತಿಕೊಂಡಿತು. ಕಂಪನಿ ಬೆಂಗಳೂರಿನದು. ಏಪ್ರಿಲಿನಲ್ಲಿ ಅದೇ ತಂಡದ 1,441 ಸ್ಕೂಟರುಗಳನ್ನು ತಪಾಸಣೆಗಾಗಿ ಕರೆಯಲಾಯಿತು. ಮರುವರ್ಷ ಮುಂಗಾಲಿಯ ಫೋರ್ಕನ್ನು ಪುಕ್ಕಟೆ ಬದಲಿಸಿಕೊಡುವುದಾಗಿ ಕಂಪನಿ ಸಾರಿದಾಗ ಬಳಸಿದ ಪದ 'ಅಪ್‌ಗ್ರೇಡ್'. ನ್ಯಾನೋ ಕಾಲದ ಶಬ್ದಚಾತುರ್ಯ ಹದಿಮೂರು ವರ್ಷಗಳಾದರೂ ಮಾಸಿರಲಿಲ್ಲ.

ಕರೆದ ಗಾಡಿಗಳ ಸಂಖ್ಯೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರುತ್ತದೆ. ಅವುಗಳಲ್ಲಿ ಎಷ್ಟು ಬಂದವು, ಎಷ್ಟು ಸರಿಯಾಗಿ ತಿದ್ದಲ್ಪಟ್ಟವು ಎಂಬ ಸುದ್ದಿ ಓದುಗರ ಕಣ್ಣಿಗೆ ಬೀಳುವುದು ಅಪೂರ್ವ. ಅಮೆರಿಕದಲ್ಲಿ ತಯಾರಕನು ಇದರ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಸರಕಾರಕ್ಕೆ ಒಪ್ಪಿಸಬೇಕು. ಅಲ್ಲಿಯೂ ಗಾಡಿ ಹಳೆಯದಾದಷ್ಟೂ, ಕೈ ಬದಲಾದಷ್ಟೂ, ದುರಸ್ತಿಗೆ ಬರುವವರ ಸಂಖ್ಯೆ ಇಳಿಯುತ್ತದೆ. ನಮ್ಮ ವಾಚಕರಿಗೆ ಈ ಕೊನೆಯ ಅಂಶ ಹೆಚ್ಚು ಹತ್ತಿರದ್ದು. ಪುಣೆಯಲ್ಲಿ ನೌಕರಿ ಮಾಡುವವನು ಹೊಸ ಕಾರು ಕೊಂಡಾಗ ಹಳೆಯದನ್ನು ಊರಿನ ತಮ್ಮನಿಗೋ ಸೋದರಳಿಯನಿಗೋ ಕೊಡುವುದುಂಟು. ನಿರಾಕ್ಷೇಪಣಾ ಪತ್ರ ಪಡೆದು, ಕರ್ನಾಟಕದ ತೆರಿಗೆ ಕಟ್ಟಿದ ಮೇಲೆ, ಫಲಕದ ಮೇಲಿನ ಎಂ.ಎಚ್. 12 ಅಳಿದು ಕೆ.ಎ. 22 ಬರುತ್ತದೆ. ರಿಕಾಲಿನ ಪತ್ರವು ಕಂಪನಿಯ ದಫ್ತರದಲ್ಲಿರುವ ಮೊದಲ ಒಡೆಯನ ಪುಣೆಯ ವಿಳಾಸಕ್ಕೆ, ಮೊದಲ ಒಡೆಯನ ಮೊಬೈಲಿಗೆ ಹೋಗುತ್ತದೆ; ಬೆಳಗಾವಿಯಲ್ಲಿ ಗಾಡಿ ಓಡಿಸುವವನಿಗೆ ಅದರ ಸುದ್ದಿಯೇ ಇರುವುದಿಲ್ಲ. ಆದರೆ ಊರು, ಒಡೆಯ, ಫಲಕ ಎಲ್ಲ ಬದಲಾದರೂ ಬದಲಾಗದ ಗುರುತೊಂದು ಗಾಡಿಯ ಮೈಮೇಲೆಯೇ ಕೊರೆದಿರುತ್ತದೆ: ಚಾಸಿ ನಂಬರು. ಆರ್.ಸಿ. ಪುಸ್ತಕದಲ್ಲಿಯೂ ಅದುಂಟು. ಅನೇಕ ಕಂಪನಿಗಳ ಜಾಲತಾಣದಲ್ಲಿ ಆ ಹದಿನೇಳು ಅಂಕಾಕ್ಷರಗಳನ್ನು ಬರೆದರೆ ಆ ಗಾಡಿಗೆ ಯಾವ ರಿಕಾಲ್ ಬಾಕಿಯಿದೆಯೆಂಬುದು ತಿಳಿಯುತ್ತದೆ. ಬೆಳಗಾವಿಯ ಡೀಲರನೂ ಪುಣೆಯ ಡೀಲರನಂತೆಯೇ ಅದನ್ನು ಪುಕ್ಕಟೆಯಾಗಿ ಮಾಡಿಕೊಡಬೇಕು.